ನೀರ್ಗಲ್ಲಿನ ಮೇಲೆ ಹಾಕಿ

ಗೆದ್ದವರ ಕಥೆಯನ್ನು ಹೇಳುವವರಿಗೆ ಲೋಕದಲ್ಲಿ ಎಂದಿಗೂ ಕೊರತೆಯಿಲ್ಲ. ಸೋತು ಸೋತು ಆದರೂ ಕಣವನ್ನು ಬಿಡದೆ ನಿಂತವರ ಕಥೆಗೆ ಕಿವಿಗೊಡುವವರೇ ವಿರಳ. ಈ ತಿಂಗಳು ನಾವು ವಾಚಕರ ಮುಂದೆ ಇಡಬೇಕೆಂದಿರುವುದು ಅಂತಹ ಒಂದು ತಂಡದ ವೃತ್ತಾಂತವನ್ನು. ಅದು ನಮ್ಮ ಭಾರತದ್ದೇ ತಂಡ. ಆದರೆ ಅದರ ಹೆಸರನ್ನು ಕೇಳಿರುವ ಮನೆಗಳು ನಮ್ಮ ಸೀಮೆಯಲ್ಲಿ ಬಹಳವಿರಲಾರವು. ಅದು ಪುರುಷರ ಐಸ್ ಹಾಕಿ ತಂಡ.

ಹಾಕಿಯೆಂಬುದು ಕನ್ನಡನಾಡಿಗೆ ಹೊಸತಲ್ಲ. ಕೊಡಗಿನಲ್ಲಿ ಅದು ಮನೆಮನೆಯ ಆಟ. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡ ಗ್ರಾಮದಲ್ಲಿ ಮೊದಲುಮಾಡಿದ ಕೌಟುಂಬಿಕ ಪಂದ್ಯಾವಳಿಯಲ್ಲಿ ಒಂದೊಂದು ಮನೆತನವೂ ಒಂದೊಂದು ತಂಡವಾಗಿ ಇಳಿಯಿತು. ಆದರೆ ಅದು ಮಣ್ಣಿನ ಮೇಲೆ, ಹುಲ್ಲಿನ ಮೇಲೆ ಆಡತಕ್ಕ ಹಾಕಿ. ನಾವು ಹೇಳಹೊರಟಿರುವುದು ಹೆಪ್ಪುಗಟ್ಟಿದ ನೀರಿನ ಮೇಲೆ ಆಡತಕ್ಕದ್ದು. ಐಸ್ ಎಂಬುದಕ್ಕೆ ಕನ್ನಡದಲ್ಲಿ ನೀರ್ಗಲ್ಲು ಎಂಬ ಸೊಗಸಾದ ಮಾತೊಂದುಂಟು. ನೀರೇ ಕಲ್ಲಾದುದು ಎಂದರ್ಥ.

ನಮ್ಮ ಕಡೆ ನೀರು ಕಲ್ಲಾಗುವುದೆಲ್ಲಿ? ದಾಂಡೇಲಿಯ ಕಾಳೀನದಿಯು ಮಾಘಮಾಸದ ಚಳಿಯಲ್ಲಿಯೂ ಹರಿಯುತ್ತಲೇ ಇರುವುದು. ಜೋಯಿಡಾದ ಕಾಡಿನ ಮೇಲೆ ಕವಿದ ಮಂಜು ಬಿಸಿಲೇರುವಷ್ಟರಲ್ಲಿ ಕರಗಿಹೋಗುವುದು. ನಮ್ಮ ಮಕ್ಕಳು ನೀರ್ಗಲ್ಲನ್ನು ಕಂಡಿರುವುದು ಫ್ರಿಜ್ಜಿನೊಳಗೆ, ಇಲ್ಲವೆ ಜಾತ್ರೆಯ ಶರಬತ್ತಿನ ಅಂಗಡಿಯಲ್ಲಿ. ಹೀಗಿರಲು ಈ ಸೀಮೆಯಲ್ಲಿ ಕುಳಿತು ಐಸ್ ಹಾಕಿಯ ಮಾತನ್ನೆತ್ತುವುದೇಕೆ ಎಂದು ವಾಚಕರು ಕೇಳಬಹುದು.

ಕಾರಣವುಂಟು. 1966ರಲ್ಲಿ ಮುಂಡಗೋಡಿನ ಬಳಿ ಟಿಬೆಟಿನಿಂದ ಬಂದ ನಿರಾಶ್ರಿತರಿಗೆ ವಸತಿಯು ಏರ್ಪಟ್ಟಿತು. ಕಾಲಕ್ರಮದಲ್ಲಿ ಗಾಂದೆನ್ ಮತ್ತು ದ್ರೆಪುಂಗ್ ಎಂಬ ಮಹಾವಿಹಾರಗಳು ಅಲ್ಲಿ ಪುನಃ ಸ್ಥಾಪಿತವಾದವು. ತರ್ಕವನ್ನೂ ಬೌದ್ಧದರ್ಶನವನ್ನೂ ಅಭ್ಯಸಿಸುವುದಕ್ಕಾಗಿ ಲದಾಖಿನಿಂದಲೂ ಭಿಕ್ಷುಗಳು ಆ ವಿಹಾರಗಳಿಗೆ ಬರುವರು. ಕೆಂಪುವಸ್ತ್ರವನ್ನು ಹೊದ್ದವರೆಲ್ಲರೂ ಟಿಬೆಟಿನವರೇ ಎಂದು ನಮ್ಮ ಜನ ಎಣಿಸುವುದುಂಟು. ಅವರಲ್ಲಿ ಕೆಲವರು ಭಾರತದ ಉತ್ತರದ ತುದಿಯ ಹಳ್ಳಿಗಳಲ್ಲಿ ಹುಟ್ಟಿದವರು. ಭಾರತದ ಐಸ್ ಹಾಕಿ ಆಟಗಾರರಲ್ಲಿ ಬಹುಮಂದಿಯ ತವರು ಆ ಲದಾಖವೇ. ನೆರೆಯವರ ಊರಿನ ಸುಖದುಃಖಗಳನ್ನು ಅರಿಯುವುದು ಗೃಹಸ್ಥಧರ್ಮವಾದ ಮೇಲೆ ಅವರ ಆಟವನ್ನೂ ಅರಿಯಬೇಕಷ್ಟೆ.

ಈ ಆಟದ ಕ್ರಮವು ಹೀಗೆ: ಸುಮಾರು 60 ಮೀಟರು ಉದ್ದದ, ಹಲಗೆಯ ಬೇಲಿಯಿಂದ ಸುತ್ತುವರಿದ ನೀರ್ಗಲ್ಲಿನ ಅಂಗಳ. ಒಂದೊಂದು ಪಕ್ಷಕ್ಕೆ ಕಣದಲ್ಲಿ ಆರು ಮಂದಿ. ಅವರಲ್ಲೊಬ್ಬನು ಗೋಲಿನ ಕಾವಲುಗಾರ. ಪಾದರಕ್ಷೆಯ ಅಡಿಯಲ್ಲಿ ಉಕ್ಕಿನ ಅಲಗು. ಚೆಂಡಿನ ಬದಲು ಗಟ್ಟಿರಬ್ಬರಿನ ಚಪ್ಪಟೆ ಬಿಲ್ಲೆ. ಅದಕ್ಕೆ ಪಕ್ ಎಂದು ಹೆಸರು. ಇಪ್ಪತ್ತಿಪ್ಪತ್ತು ನಿಮಿಷಗಳ ಮೂರು ಅವಧಿ. ಕೆನಡಾದೇಶದ ಮಾಂಟ್ರಿಯಲ್ ನಗರದಲ್ಲಿ 1875ರ ಮಾರ್ಚ್ 3ರಂದು ಚಾವಣಿಯ ಕೆಳಗೆ ನಡೆದ ಪಂದ್ಯದಿಂದ ಈ ಆಟದ ಆಧುನಿಕಚರಿತ್ರೆಯನ್ನು ಎಣಿಸುವುದು ರೂಢಿ. 1908ರಲ್ಲಿ ಪ್ಯಾರಿಸಿನಲ್ಲಿ ಇದರ ಅಂತಾರಾಷ್ಟ್ರೀಯ ಒಕ್ಕೂಟವು ಹುಟ್ಟಿತು. 1920ರಲ್ಲಿ ಆಂಟ್‌ವರ್ಪಿನ ಒಲಿಂಪಿಕ್ ಕೂಟದಲ್ಲಿ ಇದಕ್ಕೆ ಸ್ಥಾನ ದೊರೆಯಿತು.

ಅದೇ 1920ರಲ್ಲಿ ಶಿಮ್ಲಾದಲ್ಲಿ ಆಂಗ್ಲರ ಕಾಲದ ನೀರ್ಗಲ್ಲಿನ ಅಂಗಳವು ಏರ್ಪಟ್ಟಿತು. ಆದರೆ ನಮ್ಮ ದೇಶದಲ್ಲಿ ಈ ಆಟವು ಬೇರುಬಿಟ್ಟುದು ಲದಾಖಿನಲ್ಲಿ. ಅದರ ಮುಖ್ಯ ಪಟ್ಟಣವಾದ ಲೇಹವು ಸಮುದ್ರಮಟ್ಟದಿಂದ ಸುಮಾರು 3,500 ಮೀಟರು ಎತ್ತರದಲ್ಲಿದೆ. ಚಳಿಗಾಲದಲ್ಲಿ ಅಲ್ಲಿಯ ಕೊಳಗಳು ಹೆಪ್ಪುಗಟ್ಟುವುವು. ಗಡಿ ಕಾಯುವ ಸೈನಿಕರು ಅವುಗಳ ಮೇಲೆ ಜಾರಿ ಆಡತೊಡಗಿದುದನ್ನು ಕಂಡು ಊರ ಹುಡುಗರೂ ಕಲಿತರು. ಅಲಗಿನ ಪಾದರಕ್ಷೆಯನ್ನು ಕೊಳ್ಳಲು ಹಣವೆಲ್ಲಿ? ಸೈನಿಕರ ಹಳೆಯ ಬೂಟುಗಳಿಗೆ ಕಬ್ಬಿಣದ ಪಟ್ಟಿಯನ್ನು ಬಿಗಿದುಕೊಂಡರು. ಗೋಲು ಕಾಯುವವನು ಕ್ರಿಕೆಟ್ಟಿನ ಪ್ಯಾಡುಗಳನ್ನು ಕಟ್ಟಿಕೊಂಡನು. ಮನಸ್ಸಿದ್ದಲ್ಲಿ ಸಾಧನವು ತಾನಾಗಿ ಒದಗುವುದೆಂಬುದಕ್ಕೆ ಇದಕ್ಕಿಂತ ನಿದರ್ಶನ ಬೇಡ.

ಭಾರತವು 1989ರಲ್ಲಿ ಅಂತಾರಾಷ್ಟ್ರೀಯ ಒಕ್ಕೂಟದ ಸದಸ್ಯತ್ವವನ್ನು ಪಡೆಯಿತು. ಪಡೆದ ಮೇಲೆ ಒಂದು ಅಂತಾರಾಷ್ಟ್ರೀಯ ಪಂದ್ಯಾವಳಿಗೆ ಇಳಿಯಲು ಇಪ್ಪತ್ತು ವರ್ಷಗಳು ಹಿಡಿದುವು. 2009ರಲ್ಲಿ ಅಬುಧಾಬಿಯಲ್ಲಿ ನಡೆದ ಏಷ್ಯಾ ಚಾಲೆಂಜ್ ಕಪ್ ಪಂದ್ಯಾವಳಿಯಲ್ಲಿ ನಮ್ಮ ಪುರುಷರ ತಂಡವು ಮೊದಲ ಬಾರಿಗೆ ಹೆಜ್ಜೆಯಿಟ್ಟಿತು. ಗೆಲುವು ದೊರೆಯಲಿಲ್ಲ, ಬಹಳ ಗೋಲುಗಳ ಅಂತರದಿಂದಲೇ ಸೋಲಾಯಿತು. ಕಪ್ಪನ್ನು ಗೆದ್ದವರು ಆತಿಥೇಯರಾದ ಎಮಿರೇಟಿನವರು.

ಇಲ್ಲಿ ವಾಚಕರು ಒಂದು ಸೋಜಿಗವನ್ನು ಗಮನಿಸಬೇಕು. ಹಿಮಕ್ಕೆ ಆಲಯವಾದುದರಿಂದಲ್ಲವೆ ಹಿಮಾಲಯಕ್ಕೆ ಆ ಹೆಸರು? ಆ ಹಿಮಾಲಯವನ್ನು ತಲೆಯ ಮೇಲೆ ಹೊತ್ತ ದೇಶದವರು ಮರಳುಗಾಡಿನ ದೇಶಕ್ಕೆ ಹೋಗಿ ನೀರ್ಗಲ್ಲಿನ ಆಟದಲ್ಲಿ ಸೋತುಬಂದರು! ಈ ವಿರೋಧಕ್ಕೆ ಪರಿಹಾರವು ಕಠಿಣವಲ್ಲ. ಮರಳುಗಾಡಿನಲ್ಲಿ ದೊಡ್ಡ ಚಾವಣಿಯೊಳಗೆ ನೆಲದಡಿಯಲ್ಲಿ ಕೊಳವೆಗಳನ್ನು ಹಾಸಿ, ಅವುಗಳಲ್ಲಿ ಕೊರೆಯುವಂತಹ ದ್ರವವನ್ನು ಹರಿಯಿಸಿ, ಮೇಲೆ ತೆಳುವಾಗಿ ನೀರನ್ನು ಹೊಯ್ದು ಹೆಪ್ಪುಗಟ್ಟಿಸುವರು. ಅಲ್ಲಿ ವರ್ಷವಿಡೀ ಅಭ್ಯಾಸಕ್ಕೆ ಅನುಕೂಲ. ಲದಾಖಿನಲ್ಲಾದರೋ ಪ್ರಕೃತಿಯು ಕೊಟ್ಟಾಗ ಉಂಟು, ಕೊಡದಾಗ ಇಲ್ಲ. ಹೆಚ್ಚೆಂದರೆ ಎರಡು ತಿಂಗಳ ಆಟ. ಫಾಲ್ಗುಣದ ಬಿಸಿಲಿಗೆ ಅಂಗಳವೇ ಕರಗಿ ನೀರಾಗುವುದು. ಪಂದ್ಯಾವಳಿಯು ಕೂಡುವ ಹೊತ್ತಿಗೆ ನಮ್ಮವರಿಗೆ ನಿಲ್ಲಲು ನೆಲವಿಲ್ಲ.

ನಮ್ಮ ದೇಶದಲ್ಲಿ ಅಂತಹ ಕೃತಕ ಅಂಗಳವನ್ನು ಯಾರೂ ಕಟ್ಟಲಿಲ್ಲವೆಂದಲ್ಲ. 2011ರಲ್ಲಿ ದಕ್ಷಿಣ ಏಷ್ಯದ ಚಳಿಗಾಲದ ಕ್ರೀಡಾಕೂಟಕ್ಕಾಗಿ ಡೆಹ್ರಾಡೂನಿನಲ್ಲಿ ಒಂದನ್ನು ಕಟ್ಟಿದರು. ಕೂಟವು ಮುಗಿಯಿತು, ಅಂಗಳವನ್ನು ತಣ್ಣಗಿಡುವ ವೆಚ್ಚವನ್ನು ಹೊರುವವರು ಯಾರೆಂಬ ಪ್ರಶ್ನೆಯು ಉಳಿಯಿತು. ಅದು ಬಹುಕಾಲ ಬೀಗವನ್ನು ಹಾಕಿಸಿಕೊಂಡು ನಿಂತು 2025ರಲ್ಲಿ ಪುನಃ ಬಾಗಿಲು ತೆರೆಯಿತು. ಮದುವೆಗೆಂದು ಛತ್ರವನ್ನು ಕಟ್ಟಿಸಿ ಮರುದಿನ ಬೀಗ ಹಾಕಿಕೊಂಡು ಹೋದರೆ ಊರಿಗೇನು ಫಲ? ಇತ್ತ 2015ರಲ್ಲಿ ಕುವೈತಿನ ಪಂದ್ಯಾವಳಿಗೆ ಹೋಗಲು ತಂಡದವರು ಸಾರ್ವಜನಿಕರ ಮುಂದೆ ಕೈಯೊಡ್ಡಿ ಚಂದಾ ಎತ್ತಬೇಕಾಯಿತು. ದೇಶದ ಹೆಸರನ್ನು ಎದೆಯ ಮೇಲೆ ಧರಿಸಿ ಹೊರಟವರಿಗೆ ಪ್ರಯಾಣದ ಖರ್ಚಿಗೂ ತತ್ವಾರ!

ಇಷ್ಟಾದರೂ ಅವರು ಬಿಡಲಿಲ್ಲ. ಮೇಲಾಗಿ, ಅಣ್ಣಂದಿರು ಆಡಿದುದನ್ನು ಕಂಡು ತಂಗಿಯರೂ ಇಳಿದರು. ಮಹಿಳೆಯರ ತಂಡವು 2016ರಲ್ಲಿ ತೈಪೆಯಲ್ಲಿ ಮೊದಲ ಬಾರಿಗೆ ಆಡಿತು. 2017ರಲ್ಲಿ ಬ್ಯಾಂಕಾಕಿನಲ್ಲಿ ಫಿಲಿಪೀನ್ಸ್ ತಂಡವನ್ನು 4–3ರಿಂದ ಸೋಲಿಸಿತು. 2025ರಲ್ಲಿ ಎಮಿರೇಟಿನ ಅಲ್ ಐನ್ ನಗರದಲ್ಲಿ ಏಷ್ಯಾ ಕಪ್ಪಿನ ಕಂಚಿನ ಪದಕವನ್ನು ತಂದಿತು. ಲೇಹದಲ್ಲಿಯೂ ಕೃತಕ ಶೈತ್ಯದ ಅಂಗಳವು ಸಿದ್ಧವಾಗಿ, 2024ರ ಖೇಲೋ ಇಂಡಿಯಾ ಚಳಿಗಾಲದ ಕೂಟದ ಐಸ್ ಹಾಕಿಯು ಲೇಹದಲ್ಲಿಯೇ ನಡೆಯಿತು. 2009ರ ಸೋಲಿಗೆ ನಾಚಿ ಅಂದೇ ಆಟವನ್ನು ಬಿಟ್ಟಿದ್ದರೆ ಇವುಗಳಲ್ಲಿ ಎಷ್ಟು ಆಗುತ್ತಿತ್ತೆಂಬುದನ್ನು ವಾಚಕರೇ ಎಣಿಸಲಿ.

ಈಗ ನಮ್ಮ ಮನೆಯಂಗಳದ ಮಾತು. ಹಳಿಯಾಳ, ಮುಂಡಗೋಡು, ಜೋಯಿಡಾ, ಯಲ್ಲಾಪುರಗಳ ಕಾಡಿನಂಚಿನಲ್ಲಿ ಸಿದ್ದಿ ಜನರು ವಾಸವಾಗಿರುವರಷ್ಟೆ. 1987ರಲ್ಲಿ ಭಾರತ ಕ್ರೀಡಾ ಪ್ರಾಧಿಕಾರವು ವಿಶೇಷ ಪ್ರದೇಶದ ಕ್ರೀಡಾ ಯೋಜನೆಯೊಂದನ್ನು ಹೂಡಿ ಸಿದ್ದಿ ಮಕ್ಕಳನ್ನು ಆಯ್ದು ಓಟ ಮೊದಲಾದುವುಗಳಲ್ಲಿ ಶಿಕ್ಷಣವನ್ನು ಕೊಡತೊಡಗಿತು. ಆ ಮಕ್ಕಳಲ್ಲಿ ಕೆಲವರು ರಾಷ್ಟ್ರಮಟ್ಟದ ಪದಕಗಳನ್ನು ಗಳಿಸಿದರು. ಆದರೆ ಕೆಲವೇ ವರ್ಷಗಳಲ್ಲಿ ಯೋಜನೆಯು ನಿಂತುಹೋಯಿತು. ಓಡುತ್ತಿದ್ದವರು ಅರ್ಧದಾರಿಯಲ್ಲಿ ಮನೆಗೆ ಮರಳಿದರು. ಅನಂತರ ಮರುಪ್ರಯತ್ನಗಳೇನೋ ನಡೆದಿವೆ. ಆದರೆ ಆ ಒಂದು ತಲೆಮಾರಿನ ಯೌವನವನ್ನು ಯಾರು ಮರಳಿ ಕೊಡಬಲ್ಲರು? ಡೆಹ್ರಾಡೂನಿನ ಬೀಗಕ್ಕೂ ನಮ್ಮ ಸೀಮೆಯ ಈ ಬೀಗಕ್ಕೂ ಭೇದವಿಲ್ಲ. ಅಲ್ಲಿ ಕಟ್ಟಡಕ್ಕೆ ಬಿತ್ತು, ಇಲ್ಲಿ ಮಕ್ಕಳ ಕಾಲಿಗೆ ಬಿತ್ತು. ಬೀಜವನ್ನು ಬಿತ್ತಿ, ಎರಡು ಮಳೆಗೆ ತೆನೆ ಕಾಣಲಿಲ್ಲವೆಂದು ಹೊಲವನ್ನೇ ತೊರೆಯುವ ರೈತನುಂಟೆ?

ಸಂಸ್ಕೃತವನ್ನು ಓದಿದವರಿಗೆ ಅಭ್ಯಾಸವೆಂಬ ಪದದ ವ್ಯುತ್ಪತ್ತಿಯು ತಿಳಿದಿರಬಹುದು. ಎಸೆ ಎಂಬರ್ಥದ ‘ಅಸ್’ ಧಾತುವಿಗೆ ‘ಅಭಿ’ ಎಂಬ ಉಪಸರ್ಗವು ಸೇರಿ ಆ ಪದವಾಯಿತು. ಗುರಿಯ ಕಡೆಗೆ ಮತ್ತೆ ಮತ್ತೆ ಎಸೆಯುವುದೇ ಅಭ್ಯಾಸ. ಆ ಪದದಲ್ಲಿ ಗುರಿಯು ತಾಕಿತೆಂಬ ಅರ್ಥವಿಲ್ಲ. ಎಸೆಯುವುದನ್ನು ನಿಲ್ಲಿಸಲಿಲ್ಲವೆಂಬ ಅರ್ಥವುಂಟು. ಇನ್ನು ಪರಾಜಯವೆಂಬ ಪದವನ್ನು ಬಿಡಿಸಿದರೆ ಅದರ ಹೊಟ್ಟೆಯೊಳಗೇ ಜಯವು ಕುಳಿತಿರುವುದು.

ನಮ್ಮ ಮನೆಗಳಲ್ಲಿ ನಡೆಯುವುದೇನು? ಹುಡುಗನು ಶಾಲೆಯ ಪಂದ್ಯದಲ್ಲಿ ಎರಡು ಸಲ ಸೋತುಬಂದರೆ, “ನಿನಗೆ ಇದು ಹೇಳಿದ್ದಲ್ಲ, ಪುಸ್ತಕ ಹಿಡಿ” ಎನ್ನುವೆವು. ಲೆಕ್ಕದಲ್ಲಿ ಎರಡು ಸಲ ತಪ್ಪಿದರೆ, “ಇವನಿಗೆ ಲೆಕ್ಕ ಹತ್ತದು” ಎಂದು ನೆಂಟರ ಮುಂದೆಯೇ ನುಡಿಯುವೆವು. ಹೆಣ್ಣುಮಗುವಾದರೆ ಒಂದು ಸಲ ಸೋಲುವಷ್ಟು ಅವಕಾಶವನ್ನೂ ಕೊಡೆವು. ಯೋಜನೆಯನ್ನು ಅರ್ಧದಲ್ಲಿ ನಿಲ್ಲಿಸಿದವರನ್ನು ದೂರುವುದು ಸುಲಭ. ಗೃಹಸ್ಥರಾದ ನಾವು ಮನೆಯ ಪಡಸಾಲೆಯಲ್ಲಿ ಅದನ್ನೇ ದಿನವೂ ಮಾಡುತ್ತಿರುವೆವಲ್ಲವೆ?

ಹಳಿಯಾಳದ ಕಡೆಯ ಕುಸ್ತಿಯ ಮಣ್ಣನ್ನು ಬಲ್ಲ ಹಿರಿಯರಿಗೆ ಈ ಮಾತನ್ನು ವಿವರಿಸಬೇಕಾದುದಿಲ್ಲ. ನೂರು ಸಲ ಬೆನ್ನಿಗೆ ಮಣ್ಣು ಹತ್ತದೆ ಯಾವ ಪೈಲವಾನನೂ ಪೈಲವಾನನಾಗಲಿಲ್ಲ. ಗರಡಿಯ ಬಾಗಿಲು ಮರುದಿನ ಬೆಳಗ್ಗೆಯೂ ತೆರೆದಿತ್ತೆಂಬುದೇ ಅವನ ಭಾಗ್ಯ. ಮಗುವು ಸೋತುಬಂದ ಸಂಜೆ ಬಿಸಿನೀರನ್ನು ಕಾಸಿಕೊಟ್ಟು, ಊಟಕ್ಕೆ ಬಡಿಸಿ, “ನಾಳೆ ಆಟ ಎಷ್ಟು ಹೊತ್ತಿಗೆ?” ಎಂದು ಕೇಳುವ ಮನೆಯೊಂದಿದ್ದರೆ ಆ ಗರಡಿಯ ಬಾಗಿಲು ತೆರೆದಿದೆಯೆಂದೇ ತಿಳಿಯಬೇಕು. ಇನ್ನು ಮುಂದೆ ಮುಂಡಗೋಡಿನ ಪೇಟೆಯಲ್ಲಿ ಲದಾಖಿನ ಭಿಕ್ಷುವೊಬ್ಬರು ಎದುರಾದರೆ ವಾಚಕರು ಅವರ ಊರಿನ ಕೊಳವು ಈ ವರ್ಷ ಚೆನ್ನಾಗಿ ಹೆಪ್ಪುಗಟ್ಟಿತೇ ಎಂದು ವಿಚಾರಿಸಲಿ. ದೂರದಿಂದ ಬಂದವರಿಗೆ ತಮ್ಮ ಊರ ಸುದ್ದಿಯನ್ನು ಕೇಳುವವರು ದೊರೆತರೆ ಅದೇ ಆತಿಥ್ಯ.