ಒಂದು ಗುಟುಕು ನೀರು

ಪಾರ್ಶ್ವವಾಯು ಬಡಿದ ಹಿರಿಯರ ಬಾಯಿಗೆ ಮೊದಲು ನೀರೆರೆಯುವುದು ನಮ್ಮ ಮನೆಗಳ ವಾಡಿಕೆ. ಈ ಕರುಣೆ ಅಪಾಯಕರವೆಂಬುದೇ ನಮ್ಮ ಅಭಿಪ್ರಾಯ.

ನುಂಗುವಾಗ ಶ್ವಾಸನಾಳದ ದ್ವಾರವು ಕ್ಷಣಕಾಲ ಮುಚ್ಚಿಕೊಳ್ಳಬೇಕು. ಮಿದುಳಿಗೆ ಪೆಟ್ಟಾದಾಗ ಆ ಕ್ರಿಯೆ ತಡವಾಗಬಹುದು. ಸ್ನಿಗ್ಧತೆ ಕಡಿಮೆಯಿರುವ ನೀರಾದರೋ ಕಾಯದೆ ಹರಿದು ಶ್ವಾಸಕೋಶವನ್ನು ಸೇರಬಲ್ಲುದು. ಕೆಲವರಿಗೆ ಕೆಮ್ಮೂ ಬಾರದು. ಆದರೆ ನ್ಯುಮೋನಿಯ ಬಂದೀತು. ಆದುದರಿಂದಲೇ ವೈದ್ಯರು ಕೆಲವರಿಗೆ ಪಾನೀಯವನ್ನು ಮಂದಗೊಳಿಸಿ ಕೊಡಿಸುತ್ತಾರೆ. 10 ಮಿಲಿಲೀಟರು ಸಿರಿಂಜಿನಿಂದ 10 ಸೆಕೆಂಡುಗಳಲ್ಲಿ ಎಷ್ಟು ಇಳಿಯಿತೆಂಬುದೇ ಆ ಮಂದತೆಯ ಅಳತೆ.

ಹಾಗೆಂದು ಎಲ್ಲರಿಗೂ ಮಂದಪಾನೀಯವೇ ಕ್ಷೇಮವಲ್ಲ. ಅದು ರುಚಿಸದೆ ರೋಗಿಯು ಕಡಿಮೆ ಕುಡಿದರೆ, ನೀರೂ ಆಹಾರವೂ ಸಾಲದೆ ವೃದ್ಧದೇಹವು ಬೇಗನೆ ಸೊರಗುವುದು.

ನುಂಗುವ ಶಕ್ತಿಯ ಪರೀಕ್ಷೆಯಾಗುವವರೆಗೆ ಬಾಯಿಗೆ ಏನನ್ನೂ ಹಾಕಬಾರದು. ಆ ಪರೀಕ್ಷೆಯನ್ನು ತಡಮಾಡಲೂ ಬಾರದು. ವಿದ್ಯಾರ್ಥಿಗಳು ಈ ಮಾತನ್ನು ಮನೆಯವರಿಗೆ ಇಂದೇ ತಿಳಿಸಲಿ.