ಅತಿಥಿಗಳ ನಿದ್ದೆ ಕೆಡಿಸುವುದು ತರವೇ?



ಆದಿತ್ಯನಗರ, ಸೇಡಂ, ಚಿತ್ತಾಪುರದ ಭಕ್ತರಲ್ಲಿ ಚಳಿಗಾಲದ ಹಕ್ಕಿಗಳನ್ನು ನೋಡಲೆಂದು ಸುರಪುರ ತಾಲೂಕಿನ ಬೋನಾಳ ಕೆರೆಗೆ ಹೊರಡುವವರಿದ್ದಾರೆ. ಹೋಗುವುದು ಒಳ್ಳೆಯದೇ. ಮಂಗೋಲಿಯ, ಟಿಬೆಟ್ಟುಗಳಲ್ಲಿ ಮರಿಮಾಡುವ ಪಟ್ಟೆತಲೆ ಹೆಬ್ಬಾತು ಹಿಮಾಲಯವನ್ನೇ ದಾಟಿ ನಮ್ಮ ಬಯಲುಸೀಮೆಯ ಕೆರೆಗಳಿಗೆ ಬರುತ್ತದೆ. ಅದು 7,290 ಮೀಟರ್ ಎತ್ತರದಲ್ಲಿ ಹಾರಿದ್ದು ದಾಖಲಾಗಿದೆ.

ಆದರೆ ಹಾರುವ ಹಿಂಡಿನ ಚಿತ್ರವೊಂದು ಬೇಕೆಂದು ಚಪ್ಪಾಳೆ ತಟ್ಟುವುದು, ನೀರಿಗೆ ಕಲ್ಲೆಸೆಯುವುದು ಯಾವ ನ್ಯಾಯ? ಈ ಹೆಬ್ಬಾತುಗಳು ಬಹುಮಟ್ಟಿಗೆ ಇರುಳಲ್ಲಿ ಹೊಲಗಳಲ್ಲಿ ಮೇದು, ಹಗಲು ಕೆರೆಯಲ್ಲಿ ವಿಶ್ರಮಿಸುವಂಥವು. ನಮ್ಮ ವಿಹಾರದ ಹೊತ್ತೇ ಅವುಗಳ ನಿದ್ದೆಯ ಹೊತ್ತು. ಎಬ್ಬಿಸಿದಾಗಲೆಲ್ಲ, ಮರಳಿ ಪರ್ವತ ದಾಟಲು ಕೂಡಿಟ್ಟ ಕೊಬ್ಬು ಕರಗುತ್ತದೆ. ಇನ್ನು ಅವು ಮೇಯುವುದಾದರೂ ರೈತನ ಪೈರನ್ನು! ದಾಸೋಹ ನಡೆಸುವವನು ಅವನು. ನಾವು ಬರಿಯ ನೋಡುಗರು.

ಇದೇ ಹೆಬ್ಬಾತುಗಳು ಬಂದಿಳಿಯುವ ಗದಗ ಜಿಲ್ಲೆಯ ಮಾಗಡಿ ಕೆರೆಗೆ 2024ರಲ್ಲಿ ರಾಮ್ಸಾರ್ ಮಾನ್ಯತೆ ದೊರೆಯಿತು. ಮಾನ್ಯತೆಯಿಲ್ಲದ ಕೆರೆಗಳನ್ನು ಕಾಯುವವರು ಯಾರು?

ಈ ಸಲ ಹೋಗುವವರು ಮಂಕುಬಣ್ಣದ ಉಡುಪು ಧರಿಸಿ, ಏರಿಯ ಮೇಲೆಯೇ ನಿಂತು, ದುರ್ಬೀನಿನಿಂದ ನೋಡಿ ಬರಲಿ. ಬುತ್ತಿ ಕಟ್ಟಿದ ಪ್ಲಾಸ್ಟಿಕ್ ಚೀಲವೂ ಅವರೊಂದಿಗೇ ಮನೆಗೆ ಮರಳಲಿ.