ಮಲೆನಾಡಿನ ಹುಡುಗಿಗೆ ಫುಟ್‌ಬಾಲ್ ಬದುಕಾಗಬಹುದೇ?

ಸಕಲೇಶಪುರ, ಆಲೂರು ಕಡೆಯ ಪ್ರೌಢಶಾಲೆಯೊಂದರಲ್ಲಿ ಹದಿನಾಲ್ಕರ ಹುಡುಗಿಯೊಬ್ಬಳು ಫುಟ್‌ಬಾಲ್ ಚೆನ್ನಾಗಿ ಆಡುತ್ತಾಳೆ, ಮೈದಾನದ ನಡುವೆ ನಿಂತು ಆಟ ಕಟ್ಟುವ ಮಿಡ್‌ಫೀಲ್ಡರ್ ಆಗುವ ಗುಣ ಅವಳಲ್ಲಿದೆ ಎಂದಿಟ್ಟುಕೊಳ್ಳೋಣ. ಅವಳನ್ನು ಈಗಲೇ ಬೆಂಗಳೂರಿನ ಕ್ಲಬ್ಬಿಗೆ ಕಳಿಸಬೇಕೇ, ಓದು ಒಂದು ಹಂತಕ್ಕೆ ಬರುವವರೆಗೆ ಕಾಯಬೇಕೇ? ಎರಡೂ ಕಡೆಯವರು ಬಯಸುವುದು ಅವಳ ಹಿತವನ್ನೇ. ಆದ್ದರಿಂದ ಯಾರ ಮಾತನ್ನೂ ತಳ್ಳಿಹಾಕುವಂತಿಲ್ಲ.

ಬೇಗ ಕಳಿಸಿ ಎನ್ನುವವರ ಬಲವಾದ ಕಾರಣ ಇಲ್ಲಿನ ಮಳೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಶಾಲಾ ಮೈದಾನವೆಂದರೆ ಬಹುಮಟ್ಟಿಗೆ ಕೆಸರು. ನೆಲದ ಮೇಲೆ ತಳ್ಳಿದ ಚೆಂಡು ನಾಲ್ಕು ಮಾರು ಹೋಗಿ ನೀರಿನಲ್ಲಿ ನಿಂತುಬಿಡುತ್ತದೆ. ಹಾಗಾಗಿ ಮಕ್ಕಳು ಎತ್ತಿ ಒದೆಯುವುದನ್ನೇ ಕಲಿಯುತ್ತಾರೆ. ಡಿಫೆಂಡರ್‌ಗಾಗಲಿ ಫಾರ್ವರ್ಡ್‌ಗಾಗಲಿ ಇದರಿಂದ ತೀರಾ ನಷ್ಟವಿಲ್ಲ. ಮಿಡ್‌ಫೀಲ್ಡರ್‌ಗೆ ಮಾತ್ರ ತಲೆಯ ಮೇಲೆ ಹಾರಿಹೋಗುವ ಚೆಂಡನ್ನು ನೋಡುವುದಷ್ಟೇ ಉಳಿಯುತ್ತದೆ. ಚೆಂಡು ಕಾಲಿಗೆ ಬರುವ ಮೊದಲೇ ಎರಡೂ ಹೆಗಲಾಚೆ ಕಣ್ಣು ಹಾಯಿಸಿ, ಮೊದಲ ಸ್ಪರ್ಶದಲ್ಲೇ ಖಾಲಿ ಜಾಗದತ್ತ ತಿರುಗುವ ಅಭ್ಯಾಸ ಬರುವುದು ತನಗಿಂತ ಚುರುಕಾದವರ ಜೊತೆ ವಾರವಾರವೂ ಆಡಿದಾಗ. 2023, 2024, 2025ರಲ್ಲಿ ಮಹಿಳೆಯರ ಬ್ಯಾಲನ್ ಡಿ'ಓರ್ ಗೆದ್ದ ಮಿಡ್‌ಫೀಲ್ಡರ್ ಐತಾನಾ ಬೊನ್ಮತಿ ಬಾರ್ಸಿಲೋನಾ ಕ್ಲಬ್ ಸೇರಿದ್ದು ಹದಿನಾಲ್ಕರಲ್ಲೇ.

ಕಾಯೋಣ ಎನ್ನುವವರು ಇದೇ ಉದಾಹರಣೆಯನ್ನು ತಿರುಗಿಸಿ ಕೇಳಬಹುದು. ಬೊನ್ಮತಿ ಅಭ್ಯಾಸ ಮುಗಿಸಿ ಮನೆಗೆ ಮರಳುತ್ತಿದ್ದರು. ಸಕಲೇಶಪುರದಿಂದ ಬೆಂಗಳೂರು ಸುಮಾರು 220 ಕಿ.ಮೀ. ದೂರ. ಹದಿನಾಲ್ಕರ ಮಗಳನ್ನು ಅಷ್ಟು ದೂರ ಬಿಟ್ಟು ಬರುವ ತಾಯಿಯ ಅಳುಕನ್ನು ಹಿಂದುಳಿದ ಮನಸ್ಸು ಎನ್ನುವುದು ಅನ್ಯಾಯ. ಹಣದ ಲೆಕ್ಕವೂ ಸಣ್ಣದಲ್ಲ. ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ 2023ರಲ್ಲಿ ಗೊತ್ತುಮಾಡಿದ ಕನಿಷ್ಠ ವೇತನ ವರ್ಷಕ್ಕೆ 3.2 ಲಕ್ಷ ರೂಪಾಯಿ, ಅಂದರೆ ತಿಂಗಳಿಗೆ 27 ಸಾವಿರಕ್ಕೂ ಕಡಿಮೆ. ಆ ಖಾತ್ರಿ ಇರುವುದೂ ಇಂಡಿಯನ್ ವಿಮೆನ್ಸ್ ಲೀಗ್‌ನ ಪ್ರತಿ ಕ್ಲಬ್ಬಿನಲ್ಲಿ ಹತ್ತು ಮಂದಿಗೆ. 2024-25ರಲ್ಲಿ ಇದ್ದದ್ದು ಎಂಟೇ ತಂಡ, ತಂಡಕ್ಕೆ 14 ಪಂದ್ಯ. ಇಡೀ ದೇಶಕ್ಕೆ ಎಂಬತ್ತು ಜಾಗ! ಇನ್ನು ಮೊಣಕಾಲಿನ ಎಸಿಎಲ್ ಎಂಬ ಅಸ್ಥಿರಜ್ಜು ಹರಿಯುವ ಅಪಾಯ ಹೆಣ್ಣುಮಕ್ಕಳಿಗೆ ಗಂಡುಮಕ್ಕಳಿಗಿಂತ ಎರಡು ಪಟ್ಟಿಗೂ ಹೆಚ್ಚು. ಶಸ್ತ್ರಚಿಕಿತ್ಸೆಯಾದರೆ ಮತ್ತೆ ಮೈದಾನಕ್ಕಿಳಿಯಲು ಸಾಮಾನ್ಯವಾಗಿ ಒಂಬತ್ತು ತಿಂಗಳಾದರೂ ಬೇಕು.

ಇದಕ್ಕೆ ಮೊದಲ ಪಕ್ಷದವರ ಉತ್ತರವೂ ತೂಕದ್ದೇ. ಆಟದ ಸಂಬಳ ಒಂದನ್ನೇ ಎಣಿಸಬಾರದು, ಅದು ತೆರೆಯುವ ಬಾಗಿಲುಗಳನ್ನೂ ನೋಡಬೇಕು ಎನ್ನುತ್ತಾರೆ ಅವರು. 2025ರ ಜುಲೈ 5ರಂದು ಚಿಯಾಂಗ್ ಮಾಯ್‌ನಲ್ಲಿ ಥಾಯ್ಲೆಂಡ್ ವಿರುದ್ಧ ಎರಡೂ ಗೋಲು ಹೊಡೆದು ಭಾರತವನ್ನು 2-1ರಿಂದ ಗೆಲ್ಲಿಸಿದ ಮಿಡ್‌ಫೀಲ್ಡರ್ ಸಂಗೀತಾ ಬಾಸ್ಫೋರ್ ಸಶಸ್ತ್ರ ಸೀಮಾ ಬಲದ ನೌಕರಿಯಲ್ಲಿರುವವರು. ಅರ್ಹತಾ ಸುತ್ತು ಗೆದ್ದು ಭಾರತದ ಮಹಿಳೆಯರು ಏಷ್ಯನ್ ಕಪ್‌ಗೆ ಹೋದದ್ದು ಅದೇ ಮೊದಲು. ನಮ್ಮ ರಾಜ್ಯದಲ್ಲೂ ದಾರಿ ಮುಚ್ಚಿಲ್ಲ. ಬೆಂಗಳೂರಿನ ಕಿಕ್‌ಸ್ಟಾರ್ಟ್ ಕ್ಲಬ್ 2022-23ರಲ್ಲಿ ರಾಷ್ಟ್ರೀಯ ಲೀಗ್‌ನ ಫೈನಲ್ ತಲುಪಿತ್ತು. ಅಲ್ಲಿ ಗೋಕುಲಂ ಕೇರಳ ಎದುರು 0-5ರಿಂದ ಸೋತದ್ದೂ ನಿಜ.

ಓದಿನ ಪಕ್ಷದವರ ಕೈಯಲ್ಲೂ ಒಂದು ಉದಾಹರಣೆಯಿದೆ. ಕರ್ನಾಟಕ ತಂಡದ ನಾಯಕಿಯಾಗಿದ್ದ ಮಿಡ್‌ಫೀಲ್ಡರ್ ತನ್ವಿ ಹ್ಯಾನ್ಸ್ ದೆಹಲಿಯಲ್ಲಿ ಕಾಲೇಜು ಓದಿದ ಮೇಲೆ ಲಂಡನ್ನಿಗೆ ಹೋಗಿ ಟಾಟೆನ್‌ಹ್ಯಾಮ್, ಫುಲ್ಹ್ಯಾಮ್ ಮಹಿಳಾ ತಂಡಗಳಲ್ಲಿ ಆಡಿದವರು. ಬ್ರಿಟಿಷ್ ಪೌರತ್ವದ ಕಾರಣಕ್ಕೆ ಭಾರತ ತಂಡದ ಬಾಗಿಲು ಅವರಿಗೆ ತೆರೆಯಲಿಲ್ಲ. ಆಟ ಎಷ್ಟೇ ಚೆನ್ನಾಗಿದ್ದರೂ ಕೈಮೀರಿದ್ದೊಂದು ಅಡ್ಡ ಬರಬಹುದು, ಆಗ ಕೈಯಲ್ಲಿ ಓದಿರಬೇಕು ಎಂಬ ಮಾತಿಗೆ ಇದು ಬಲ ಕೊಡುತ್ತದೆ. ಆದರೆ ದೆಹಲಿಯ ಕಾಲೇಜಿಗಿರುವ ಮೈದಾನ, ಎದುರಾಳಿಗಳು ಆಲೂರಿನ ಹುಡುಗಿಗೆ ಎಲ್ಲಿ ಸಿಗಬೇಕು ಎಂಬ ಪ್ರಶ್ನೆ ಹಾಗೇ ಉಳಿಯುತ್ತದೆ.

ಎರಡನ್ನೂ ತೂಗಿದರೆ, ತುಸು ಹಿಂಜರಿಕೆಯಿಂದಲೇ, ನಡುವಿನ ದಾರಿಯತ್ತ ನನ್ನ ಮನಸ್ಸು ವಾಲುತ್ತದೆ. ಎಸ್ಸೆಸ್ಸೆಲ್ಸಿವರೆಗೆ ಮನೆಯಲ್ಲೇ ಇದ್ದು, ಬೇಸಿಗೆ ರಜೆಯಲ್ಲಿ ಬೆಂಗಳೂರಿನ ತರಬೇತಿ ಶಿಬಿರಕ್ಕೆ ಹೋಗಿಬರಲಿ. ಪಿಯುಸಿಗೆ ಅಲ್ಲಿಯೇ ಕಾಲೇಜು ಹಿಡಿದು ಕ್ಲಬ್ ಸೇರಲಿ. ಮೊಣಕಾಲಿಗೆ ಪೆಟ್ಟಾದರೆ ಖರ್ಚು ಯಾರದು ಎಂಬುದನ್ನು ಸಹಿ ಹಾಕುವ ಮೊದಲೇ ಬರವಣಿಗೆಯಲ್ಲಿ ಪಡೆಯಲಿ. ಎರಡು ವರ್ಷ ಕಾಯುವುದರಿಂದ ಆಟಕ್ಕೆ ನಷ್ಟವಿದೆ, ಅದನ್ನು ಅಲ್ಲಗಳೆಯಲಾರೆ. ಆ ನಷ್ಟವನ್ನು ತಗ್ಗಿಸುವುದು ಊರಿನವರ ಕೈಯಲ್ಲೂ ಇದೆ. ಕಾಫಿ ಒಣಗಿಸುವ ಸಿಮೆಂಟ್ ಕಣಗಳು ಮಳೆಗಾಲದುದ್ದಕ್ಕೂ ಖಾಲಿ ಬಿದ್ದಿರುತ್ತವೆ. ಪಾಚಿ ಕಟ್ಟದಂತೆ ತಿಕ್ಕಿಟ್ಟರೆ, ಮಳೆ ಬಿಟ್ಟ ಸಂಜೆಗಳಲ್ಲಿ ಐದೈದು ಹುಡುಗಿಯರು ಅಲ್ಲಿ ಚೆಂಡನ್ನು ನೆಲದ ಮೇಲೆಯೇ ಪಾಸ್ ಮಾಡಿ ಆಡಬಹುದು. ತೋಟದ ಮಾಲೀಕರು ಈ ಜೂನ್‌ನಲ್ಲಿ ಹತ್ತಿರದ ಶಾಲೆಗೆ ತಮ್ಮ ಕಣವನ್ನು ಬಿಟ್ಟುಕೊಡಲಿ.